ಹಿತ್ತಲ ಗಿಡವೂ ಮದ್ದೇ, ಆದರೆ ಅರೆದು ನೋಡಬೇಕು



ಈಚೆಗೆ ನಮ್ಮ ಹೋಬಳಿಯ ಒಂದು ವಾಚನಾಲಯದ ಜಗಲಿಯಲ್ಲಿ ಸೋಲಾರ್ ಪಂಪ್‌ಸೆಟ್ಟಿನ ವಿಚಾರ ತಿಳಿಸಲು ಕುಳಿತಿದ್ದೆ. ಕೇಂದ್ರ ಸರಕಾರದ ಪಾಲೆಷ್ಟು, ರಾಜ್ಯದ ಪಾಲೆಷ್ಟು, ರೈತ ಕಟ್ಟಬೇಕಾದ ವಂತಿಗೆ ಎಷ್ಟು ಎಂಬುದನ್ನೆಲ್ಲ ಹೇಳಿದ ಮೇಲೆ, ಫಲಕಗಳು ಕಡ್ಡಾಯವಾಗಿ ನಮ್ಮ ದೇಶದಲ್ಲೇ ತಯಾರಾದವು ಆಗಿರಬೇಕು ಎಂಬ ಷರತ್ತನ್ನೂ ಓದಿದೆ. ಮೂಲೆಯಲ್ಲಿ ಕೂತಿದ್ದ ಹಿರಿಯರೊಬ್ಬರು ಕೇಳಿದರು: "ಅಲ್ಲ ಸ್ವಾಮಿ, ಹೊರದೇಶದ ಫಲಕ ಅಗ್ಗ ಅಂತ ನನ್ನ ಮೊಮ್ಮಗ ಹೇಳ್ತಾನೆ. ಅದನ್ನ ಬಿಟ್ಟು ಇಲ್ಲೀದೇ ಹಾಕಿಸ್ಕೋಬೇಕು ಅಂತ ಸರಕಾರ ಯಾಕೆ ಹಟ ಮಾಡ್ಬೇಕು? ಅದರಲ್ಲಿ ನನ್ನ ದುಡ್ಡೂ ಇದೆಯಲ್ಲ?"

ಪ್ರಶ್ನೆ ನ್ಯಾಯವಾದದ್ದು. ಅಂದು ನಾನು ಕೊಟ್ಟ ಉತ್ತರ ಚುಟುಕಾಯಿತು. ಮನೆಗೆ ಬಂದ ಮೇಲೂ ಆ ಮಾತು ನನ್ನನ್ನು ಬಿಡಲಿಲ್ಲ. ಆದ್ದರಿಂದ ಈ ವಾರ ಬೆಳೆ, ಗೊಬ್ಬರ, ಕೀಟದ ಮಾತನ್ನು ಬದಿಗಿಟ್ಟು ಸರಕಾರದ ಖರೀದಿಯ ವಿಚಾರ ಬರೆಯುತ್ತಿದ್ದೇನೆ. ಇದು ನಮಗೆ ಸಂಬಂಧಪಡದ ಕಛೇರಿಯ ಕಾಗದಪತ್ರವೆಂದು ಪುಟ ಮಗುಚಬೇಡಿರಿ. ನಿಮ್ಮ ಹೊಲದ ಬದುವಿನ ಮೇಲಿರುವ ಕಂಬದಿಂದ ಹಿಡಿದು ನಿಮ್ಮ ಮಗು ಶಾಲೆಯಲ್ಲಿ ಕುಡಿಯುವ ಹಾಲಿನವರೆಗೆ ಇದರ ಕೈ ಚಾಚಿದೆ.

ನಿಯಮ ಹೇಳುವುದೇನು?

ದೇಶೀಯ ವಸ್ತುವಿಗೆ ಆದ್ಯತೆ ಕೊಡುವ ಈಗಿನ ಮುಖ್ಯ ಆದೇಶ ಕೇಂದ್ರ ಸರಕಾರದ್ದು. 2017ರ ಜೂನ್‌ನಲ್ಲಿ ಹೊರಟ ಇದನ್ನು 2020ರ ಸೆಪ್ಟೆಂಬರ್‌ನಲ್ಲಿ ಬಿಗಿಗೊಳಿಸಿದರು. ಸರಬರಾಜುದಾರರನ್ನು ಇದು ಮೂರು ವರ್ಗ ಮಾಡುತ್ತದೆ. ವಸ್ತುವಿನ ಬೆಲೆಯಲ್ಲಿ ಶೇ. 50 ಅಥವಾ ಹೆಚ್ಚು ಪಾಲು ದೇಶದೊಳಗೇ ಹುಟ್ಟಿದ್ದರೆ ಒಂದನೇ ವರ್ಗ, ಶೇ. 20ರಿಂದ 50ರ ಒಳಗಿದ್ದರೆ ಎರಡನೇ ವರ್ಗ, ಶೇ. 20ಕ್ಕಿಂತ ಕಡಿಮೆ ಇದ್ದರೆ ಹೊರಗಿನವರು. ರೂ. 200 ಕೋಟಿಯ ಒಳಗಿನ ಖರೀದಿಗೆ ಸಾಮಾನ್ಯವಾಗಿ ಜಾಗತಿಕ ಟೆಂಡರ್ ಕರೆಯುವಂತಿಲ್ಲ. ಕೇಂದ್ರದ ಹಣ ಸೇರಿರುವ ಯೋಜನೆಗಳಲ್ಲಿ ರಾಜ್ಯಗಳು ಮಾಡುವ ಖರೀದಿಗೂ ಈ ಆದೇಶ ಅನ್ವಯಿಸುತ್ತದೆ.

ಆದ್ಯತೆ ಎಂದರೆ ಹೆಚ್ಚು ಬೆಲೆ ತೆತ್ತು ಕೊಳ್ಳುವುದು ಎಂದು ಅನೇಕರು ತಿಳಿದಿದ್ದಾರೆ. ಹಾಗಲ್ಲ. ಒಂದು ಉದಾಹರಣೆ ನೋಡಿರಿ. ಒಂದು ಬಿಡಿಭಾಗಕ್ಕೆ ಎರಡನೇ ವರ್ಗದ ಕಂಪನಿ ರೂ. 100 ಎಂದು ಬರೆದು ಕನಿಷ್ಠ ದರದವನಾಯಿತೆನ್ನಿ. ಒಂದನೇ ವರ್ಗದ ಕಾರ್ಖಾನೆಯವನು ರೂ. 115 ಬರೆದಿದ್ದಾನೆ. ಅಂತರ ಶೇ. 20ರ ಒಳಗಿರುವುದರಿಂದ ಅವನನ್ನು ಕರೆದು "ನೂರು ರೂಪಾಯಿಗೆ ಕೊಡುತ್ತೀಯಾ?" ಎಂದು ಕೇಳುತ್ತಾರೆ. ಒಪ್ಪಿದರೆ, ಹಂಚಿ ಕೊಡಬಹುದಾದ ಸರಕಾದಲ್ಲಿ ಅರ್ಧ ಆರ್ಡರ್ ಅವನಿಗೆ. ಒಪ್ಪದಿದ್ದರೆ ಇಲ್ಲ. ರೂ. 125 ಬರೆದವನನ್ನು ಕರೆಯುವುದೇ ಇಲ್ಲ. ಅಂದರೆ ಇಲ್ಲಿ ಖಜಾನೆಗೆ ನಷ್ಟವಿಲ್ಲ; ನಮ್ಮವನಿಗೆ ಮತ್ತೊಂದು ಅವಕಾಶ ಅಷ್ಟೆ.

ಆದರೆ ಇನ್ನೊಂದು ಬಗೆಯ ನಿಯಮವಿದೆ. ಅಲ್ಲಿ ಹೊರಗಿನ ಮಾಲನ್ನು ಪೂರ್ತಿ ನಿಷೇಧಿಸಿ ದೇಶದ್ದನ್ನೇ ಕಡ್ಡಾಯ ಮಾಡಲಾಗುತ್ತದೆ. ಸೋಲಾರ್ ಪಂಪ್‌ಸೆಟ್ಟಿನ ಫಲಕ ಈ ಜಾತಿಗೆ ಸೇರಿದ್ದು. ಹಿರಿಯರು ಕೇಳಿದ ಪ್ರಶ್ನೆಗೆ ತೂಕ ಬರುವುದು ಇಲ್ಲೇ.

ಮಲ್ಲೇಶ್ವರದ ಪಿಂಗಾಣಿ

ಉತ್ತರಕ್ಕೆ ಮೊದಲು ನಿಮ್ಮನ್ನು ಬೆಂಗಳೂರಿಗೆ ಕರೆದೊಯ್ಯಬೇಕು. 1902ರಲ್ಲಿ ಶಿವನಸಮುದ್ರದಲ್ಲಿ ಕಾವೇರಿಯಿಂದ ವಿದ್ಯುತ್ ತೆಗೆದು ಕೋಲಾರದ ಚಿನ್ನದ ಗಣಿಗೆ ಕಳಿಸಿದಾಗ ಜನರೇಟರು ಬಂದದ್ದು ಅಮೆರಿಕದಿಂದ, ನೀರಚಕ್ರ ಬಂದದ್ದು ಸ್ವಿಟ್ಜರ್ಲೆಂಡಿನಿಂದ. 1905ರಲ್ಲಿ ಬೆಂಗಳೂರಿನ ಬೀದಿಗೆ ದೀಪ ಬಂತು. ಯಂತ್ರ ಪರದೇಶದ್ದು, ಸಲಕರಣೆ ಪರದೇಶದ್ದು. ಹೊಳೆಯ ನೀರು ಮತ್ತು ಕೂಲಿಯವರ ಬೆವರು ಮಾತ್ರ ನಮ್ಮದು. ಬ್ರಿಟಿಷ್ ಇಂಡಿಯಾದಲ್ಲಂತೂ ಸರಕಾರಕ್ಕೆ ಬೇಕಾದ ಸಾಮಾನಿನ ಬಹುಪಾಲು ಲಂಡನ್ನಿನ ಕಛೇರಿಯ ಮೂಲಕವೇ ಬರುತ್ತಿತ್ತು. ಇಲ್ಲಿಯೇ ಕೊಳ್ಳಲು ಒಂದು ಪ್ರತ್ಯೇಕ ಇಲಾಖೆ ಆದದ್ದು 1922ರಲ್ಲಿ.

ಮೈಸೂರು ಸಂಸ್ಥಾನ ಬೇರೆ ದಾರಿ ಹಿಡಿಯಿತು. 1932ರಲ್ಲಿ ಮಲ್ಲೇಶ್ವರದ ಅಂಚಿನಲ್ಲಿ, ಟಾಟಾ ಇನ್‌ಸ್ಟಿಟ್ಯೂಟಿನ ಬಳಿ, ಸರಕಾರಿ ಪಿಂಗಾಣಿ ಕಾರ್ಖಾನೆ ಆರಂಭವಾಯಿತು. ವಿದ್ಯುತ್ ಕಂಬದ ಮೇಲೆ ತಂತಿಯನ್ನು ಹಿಡಿದು ನಿಲ್ಲಿಸುವ ಬಿಳಿ, ಕಂದು ಬಣ್ಣದ ಪಿಂಗಾಣಿಯನ್ನು ನೀವೆಲ್ಲ ನೋಡಿದ್ದೀರಿ. ಅದನ್ನು ಇಲ್ಲಿ ಸುಟ್ಟು ತೆಗೆಯುವುದು ಕಾರ್ಖಾನೆಯ ಕೆಲಸ. ಅದೇ ದಶಕದಲ್ಲಿ ಚಾಮರಾಜಪೇಟೆ ದಾಟಿದರೆ ಸಿಗುವ ಮೈಸೂರು ರಸ್ತೆಯಲ್ಲಿ ಸರಕಾರಿ ವಿದ್ಯುತ್ ಕಾರ್ಖಾನೆ ಆಯಿತು. ಇಂದು ಅದು ಕವಿಕ ಎಂಬ ಹೆಸರಿನಲ್ಲಿ ಟ್ರಾನ್ಸ್‌ಫಾರ್ಮರ್ ಮಾಡುತ್ತಿದೆ. 1936ರಲ್ಲಿ ಮಲ್ಲೇಶ್ವರದ ಪಶ್ಚಿಮಕ್ಕೆ, ಹಳೆಯ ತುಮಕೂರು ರಸ್ತೆಯಲ್ಲಿ, ಮೈಸೂರು ಲ್ಯಾಂಪ್ಸ್ ಬಂತು. ಕಂಬದ ಪಿಂಗಾಣಿ, ಟಿ.ಸಿ., ಬಲ್ಬು: ವಿದ್ಯುತ್ ಜಾಲಕ್ಕೆ ಬೇಕಾದ ಮೂರು ಸಾಮಾನು ಒಂದು ಊರಿನ ಎರಡು ಬಡಾವಣೆಗಳ ಆಸುಪಾಸಿನಲ್ಲಿ ತಯಾರಾಗತೊಡಗಿದವು.

ಇವು ನಿಂತದ್ದು ಹೇಗೆ? ಮೊದಲ ದಿನ ಸುಟ್ಟ ಪಿಂಗಾಣಿ ವಿಲಾಯತಿಯ ಮಾಲಿಗಿಂತ ಅಗ್ಗವೂ ಉತ್ತಮವೂ ಆಗಿರುತ್ತದೆಂದು ಯಾರೂ ಹೇಳಲಾರರು. ಆದರೆ ಕೊಳ್ಳುವವನೊಬ್ಬ ಪಕ್ಕದಲ್ಲೇ ಇದ್ದ. ಸಂಸ್ಥಾನದಲ್ಲಿ ಲೈನು ಎಳೆಯುವವರು ಸರಕಾರದವರೇ, ಕಾರ್ಖಾನೆ ನಡೆಸುವವರೂ ಸರಕಾರದವರೇ. ಗಿರಾಕಿ ಇದ್ದಾನೆಂಬ ಧೈರ್ಯದ ಮೇಲೆ ಕೆಲಸಗಾರ ಕೈ ಪಳಗಿಸಿಕೊಳ್ಳುತ್ತಾನೆ. ಹೊಸದಾಗಿ ರೇಷ್ಮೆಗೆ ಕೈ ಹಾಕಿದವನ ಮೊದಲ ಬೆಳೆಯ ಗೂಡು ಹೇಗಿರುತ್ತದೆ, ಹತ್ತನೆಯ ಬೆಳೆಯ ಗೂಡು ಹೇಗಿರುತ್ತದೆ ಎಂಬುದು ನಿಮಗೆ ಗೊತ್ತು. ಮೊದಲ ಗೂಡನ್ನೇ ಯಾರೂ ಕೊಳ್ಳದಿದ್ದರೆ ಹತ್ತನೆಯದು ಹುಟ್ಟುವುದೇ ಇಲ್ಲ.

ಇದು ಕತೆಯ ಒಂದು ಮುಖ. ಇನ್ನೊಂದು ಮುಖವನ್ನೂ ಮರೆಮಾಚದೆ ಹೇಳಬೇಕು. ಆ ಪಿಂಗಾಣಿ ಕಾರ್ಖಾನೆ ಮುಂದೆ ಬಿ.ಎಚ್.ಇ.ಎಲ್. ಸೇರಿ ಉಳಿದುಕೊಂಡಿತು. ಮೈಸೂರು ಲ್ಯಾಂಪ್ಸ್ ಮಾತ್ರ ನಷ್ಟಕ್ಕೆ ಸಿಲುಕಿ 2000ದ ದಶಕದ ಆರಂಭದಲ್ಲಿ ಬಾಗಿಲು ಹಾಕಿತು. ಬೈಯಪ್ಪನಹಳ್ಳಿಯ ಎನ್.ಜಿ.ಇ.ಎಫ್. ಗತಿಯೂ ಅದೇ ಸುಮಾರಿಗೆ ಹಾಗೆಯೇ ಆಯಿತು. ಒಂದೊಂದು ಕಾರ್ಖಾನೆ ಬೀಳಲು ಕಾರಣಗಳು ಹಲವು. ಆದರೂ ಒಂದು ಪಾಠ ಸ್ಪಷ್ಟ: ಆಸರೆಯ ಕೋಲು ಸಸಿಗೆ ಬೇಕು, ಮರಕ್ಕೆ ಬೇಡ. ಕೋಲು ತೆಗೆದ ದಿನ ನಿಲ್ಲುವಷ್ಟು ಬೇರು ಬಿಟ್ಟಿದೆಯೇ ಎಂದು ವರ್ಷವರ್ಷವೂ ನೋಡುತ್ತಿರಬೇಕು.

ಸೋಲಾರ್ ಫಲಕದ ತಕರಾರು

ಈಗ ಫಲಕಕ್ಕೆ ಬರೋಣ. 2010ರಲ್ಲಿ ಆರಂಭವಾದ ರಾಷ್ಟ್ರೀಯ ಸೋಲಾರ್ ಯೋಜನೆಯಲ್ಲಿ, ವಿದ್ಯುತ್ ಉತ್ಪಾದಿಸಿ ಸರಕಾರಕ್ಕೆ ಮಾರುವ ಕಂಪನಿಗಳು ದೇಶದಲ್ಲಿ ತಯಾರಾದ ಕೋಶ, ಫಲಕಗಳನ್ನು ಬಳಸಬೇಕೆಂಬ ಷರತ್ತಿತ್ತು. 2013ರಲ್ಲಿ ಅಮೆರಿಕ ವಿಶ್ವ ವ್ಯಾಪಾರ ಸಂಸ್ಥೆಗೆ ದೂರು ಕೊಟ್ಟಿತು. 2016ರಲ್ಲಿ ತೀರ್ಪು ನಮ್ಮ ವಿರುದ್ಧ ಬಂತು. ಸರಕಾರ ತನ್ನ ಕೆಲಸಕ್ಕೆ ತಾನೇ ಕೊಳ್ಳುವ ವಸ್ತುವಿನ ವಿಚಾರದಲ್ಲಿ ವ್ಯಾಪಾರ ಒಪ್ಪಂದದಲ್ಲಿ ವಿನಾಯಿತಿ ಇದೆ. ಆದರೆ ಇಲ್ಲಿ ಸರಕಾರ ಕೊಂಡದ್ದು ವಿದ್ಯುತ್ತು, ಷರತ್ತು ಹಾಕಿದ್ದು ಫಲಕಕ್ಕೆ. ಎರಡೂ ಬೇರೆ ಎಂಬುದು ತೀರ್ಪಿನ ಸಾರ. ದೂರು ಕೊಟ್ಟ ಅಮೆರಿಕದಲ್ಲಿಯೇ, ಸರಕಾರ ತನ್ನ ದೇಶದ ಮಾಲು ಕೊಳ್ಳಬೇಕೆಂಬ ಕಾನೂನು 1933ರಿಂದ ಇದೆ ಎಂಬುದನ್ನೂ ತಿಳಿದಿರಿ. ಆ ದೇಶದ ಕೆಲವು ರಾಜ್ಯಗಳ ಇಂಥದೇ ನಿಯಮಗಳ ಮೇಲೆ ನಮ್ಮ ದೇಶ ಹೂಡಿದ ಎದುರು ದೂರಿನಲ್ಲಿ 2019ರಲ್ಲಿ ತೀರ್ಪು ನಮ್ಮ ಪರ ಬಂತು. ಹಾಗಾಗಿ ಇದು ನಮ್ಮೊಬ್ಬರ ಹಟವಲ್ಲ. ದೊಡ್ಡ ದೇಶಗಳೆಲ್ಲ ತಮ್ಮ ಹಿತ್ತಲನ್ನು ಕಾಯುತ್ತವೆ, ಪಕ್ಕದವರ ಬೇಲಿಯನ್ನು ಮಾತ್ರ ಆಕ್ಷೇಪಿಸುತ್ತವೆ.

2019ರಲ್ಲಿ ಬಂದ ಪಿ.ಎಂ. ಕುಸುಮ್ ಯೋಜನೆಯ ಸೋಲಾರ್ ಪಂಪ್‌ಸೆಟ್ಟುಗಳಿಗೆ ಸರಕಾರದ ಸಹಾಯಧನ ನೇರವಾಗಿ ಸೇರುತ್ತದೆ. ಅಲ್ಲಿ ಕೋಶ ಮತ್ತು ಫಲಕ ಎರಡೂ ದೇಶದ್ದೇ ಆಗಿರಬೇಕೆಂದು ಬರೆದರು. ಮೂಲ ಲೆಕ್ಕದಲ್ಲಿ ಕೇಂದ್ರದ ಪಾಲು ಶೇ. 30, ರಾಜ್ಯದ್ದು ಶೇ. 30, ರೈತನದು ಶೇ. 40. 2023ರಲ್ಲಿ ಕರ್ನಾಟಕ ತನ್ನ ಪಾಲನ್ನು ಶೇ. 50ಕ್ಕೆ ಏರಿಸಿದ್ದರಿಂದ ನಮ್ಮ ರೈತನ ಪಾಲು ಶೇ. 20ಕ್ಕೆ ಇಳಿಯಿತು.

ದೇಶೀಯ ಕೋಶದ ಫಲಕ, ಹೊರಗಿನದಕ್ಕಿಂತ ದುಬಾರಿ ಎಂಬುದು ನಿಜ. ಹಿರಿಯರ ಮೊಮ್ಮಗ ಹೇಳಿದ್ದು ಸುಳ್ಳಲ್ಲ. ಈ ಕಾರಣಕ್ಕೆ ಪಂಪ್‌ಸೆಟ್ಟಿನ ಒಪ್ಪಿತ ದರ ಹತ್ತು ಸಾವಿರ ರೂಪಾಯಿ ಹೆಚ್ಚಾಯಿತೆಂದು ಇಟ್ಟುಕೊಳ್ಳಿ, ಶೇ. 20ರ ಲೆಕ್ಕದಲ್ಲಿ ರೈತನ ಜೇಬಿನಿಂದ ಎರಡು ಸಾವಿರ ಹೋಗುತ್ತದೆ, ಉಳಿದ ಎಂಟು ಸಾವಿರ ಎಲ್ಲರ ತೆರಿಗೆಯಿಂದ. ಈ ಎರಡು ಸಾವಿರಕ್ಕೆ ಪ್ರತಿಯಾಗಿ ಅವನಿಗೆ ಏನು ಸಿಗುತ್ತದೆ ಎಂಬುದೇ ನಿಜವಾದ ಪ್ರಶ್ನೆ.

ಕೆಲವು ವರ್ಷಗಳ ಹಿಂದೆ ನನ್ನ ಕಾರ್ಯಕ್ಷೇತ್ರದ ಭತ್ತದ ಬೆಳೆಗಾರರೊಬ್ಬರು ಹೊರದೇಶದ ಪವರ್ ಟಿಲ್ಲರ್ ಕೊಂಡರು. ಇಲ್ಲಿನದಕ್ಕಿಂತ ಅಗ್ಗ. ನಾನೂ ಬೇಡವೆನ್ನಲಿಲ್ಲ. ಎರಡನೆಯ ವರ್ಷ ಗದ್ದೆ ಕೆಸರು ಮಾಡುವ ಕಾಲಕ್ಕೆ ಸರಿಯಾಗಿ ಒಂದು ಗೇರ್ ಮುರಿಯಿತು. ಮಾರಿದ ಅಂಗಡಿಯವನು ಆ ವ್ಯಾಪಾರವನ್ನೇ ಬಿಟ್ಟಿದ್ದ. ಬೆಂಗಳೂರಿನ ಅಂಗಡಿ ಬೀದಿಗಳನ್ನು ಎರಡು ದಿನ ಅಲೆದರೂ ಅಳತೆಗೆ ಹೊಂದುವ ಗೇರ್ ಸಿಗಲಿಲ್ಲ. ಕೊನೆಗೆ ಬಾಡಿಗೆ ಟ್ರ್ಯಾಕ್ಟರ್ ತಂದು, ನಾಟಿ ಹದಿನೈದು ದಿನ ತಡವಾಗಿ, ಅಗ್ಗದಲ್ಲಿ ಉಳಿಸಿದ್ದನ್ನೆಲ್ಲ ಆ ಒಂದೇ ಹಂಗಾಮಿನಲ್ಲಿ ಕಳೆದುಕೊಂಡರು. ಟಿಲ್ಲರ್ ಈಗಲೂ ಅವರ ಕೊಟ್ಟಿಗೆಯಲ್ಲಿದೆ, ಕೋಳಿ ಕೂರುತ್ತವೆ. 2020ರ ಜುಲೈನಲ್ಲಿ ಕೇಂದ್ರ ಸರಕಾರ ಪವರ್ ಟಿಲ್ಲರ್ ಆಮದಿಗೆ ನಿರ್ಬಂಧ ಹಾಕಿದಾಗ ನನಗೆ ಮೊದಲು ನೆನಪಾದದ್ದು ಆ ಕೊಟ್ಟಿಗೆ. ಯಂತ್ರದ ಬೆಲೆ ಕೊಂಡ ದಿನ ಮುಗಿಯುವುದಿಲ್ಲ. ಬಿಡಿಭಾಗ ಎಲ್ಲಿ ಸಿಗುತ್ತದೆ, ಕೆಟ್ಟರೆ ಯಾರು ಬರುತ್ತಾರೆ ಎಂಬುದೂ ಬೆಲೆಯೇ.

ಆದರೆ ದೇಶೀಯ ಎಂಬ ಚೀಟಿ ಅಂಟಿಸಿದ ಮಾತ್ರಕ್ಕೆ ಈ ಅನುಕೂಲ ತಾನಾಗಿ ಬರುವುದಿಲ್ಲ. ಹೊರಗಿನ ಭಾಗ ತಂದು ಇಲ್ಲಿ ಬೋಲ್ಟು ಬಿಗಿದು "ನಮ್ಮದು" ಎನ್ನುವವರಿದ್ದಾರೆ. ಹತ್ತು ಕೋಟಿಗಿಂತ ಹೆಚ್ಚಿನ ಖರೀದಿಗೆ ಲೆಕ್ಕ ಪರಿಶೋಧಕರ ಪ್ರಮಾಣಪತ್ರ ಬೇಕು. ಅದಕ್ಕಿಂತ ಕಡಿಮೆಯಾದರೆ ಸರಬರಾಜುದಾರ ತಾನೇ ಬರೆದುಕೊಟ್ಟ ಪತ್ರ ಸಾಕು. ತಾಲ್ಲೂಕು ಮಟ್ಟದಲ್ಲಿ ಬರುವ ಸಣ್ಣಪುಟ್ಟ ಸಾಮಾನೆಲ್ಲ ಈ ಎರಡನೆಯ ಗುಂಪಿನದು ಎಂಬುದನ್ನು ಗಮನಿಸಬೇಕು.

ನಾವೂ ಮಾರುವವರೇ

ಇಲ್ಲಿಯವರೆಗೆ ರೈತನನ್ನು ಕೊಳ್ಳುವವನೆಂದು ನೋಡಿದೆವು. ಮಾರುವವನೂ ಅವನೇ ಅಲ್ಲವೆ? ಪಡಿತರಕ್ಕೆ ಹೋಗುವ ರಾಗಿಯನ್ನು ನಮ್ಮ ರಾಜ್ಯದ ರೈತರಿಂದ ಬೆಂಬಲ ಬೆಲೆಯಲ್ಲಿ ಕೊಳ್ಳುತ್ತಾರೆ. 2025-26ರ ಹಂಗಾಮಿಗೆ ಅದು ಕ್ವಿಂಟಾಲಿಗೆ ರೂ. 4,886. 2013ರ ಆಗಸ್ಟ್ 1ರಂದು ಆರಂಭವಾದ ಕ್ಷೀರಭಾಗ್ಯ ಯೋಜನೆಯಲ್ಲಿ ಶಾಲೆ, ಅಂಗನವಾಡಿ ಮಕ್ಕಳಿಗೆ ಕೊಡುವ ಹಾಲಿನ ಪುಡಿ ನಮ್ಮ ಹಾಲು ಮಹಾಮಂಡಲದ್ದು. 2024ರ ಸೆಪ್ಟೆಂಬರ್‌ನಲ್ಲಿ ಮುಜರಾಯಿ ದೇವಸ್ಥಾನಗಳ ದೀಪಕ್ಕೂ ಪ್ರಸಾದಕ್ಕೂ ನಂದಿನಿ ತುಪ್ಪವನ್ನೇ ಬಳಸಬೇಕೆಂದು ರಾಜ್ಯ ಸರಕಾರ ಸುತ್ತೋಲೆ ಹೊರಡಿಸಿತು. ಇವೆಲ್ಲ ಏನು? ಮಲ್ಲೇಶ್ವರದ ಪಿಂಗಾಣಿಗೆ ಸಿಕ್ಕ ಆಸರೆಯೇ. "ಎಲ್ಲಿ ಅಗ್ಗವೋ ಅಲ್ಲಿ ಕೊಳ್ಳಲಿ" ಎಂಬ ಮಾತನ್ನು ಫಲಕಕ್ಕೆ ಆಡಿದರೆ, ನಾಳೆ ಹಾಲಿನ ಪುಡಿಗೂ ಅದೇ ಮಾತು ಬರುತ್ತದೆ. ಹೊರದೇಶದ ಅಗ್ಗದ ಪುಡಿ ಬಂದರೆ ಡೇರಿಯಲ್ಲಿ ನಿಮ್ಮ ಲೀಟರಿನ ಬೆಲೆ ಏನಾದೀತು ಎಂದು ಯೋಚಿಸಿರಿ.

ಒಬ್ಬರಿಗೆ ಕೊಟ್ಟ ಆಸರೆ ಇನ್ನೊಬ್ಬರಿಗೆ ಹೊರೆಯಾಗುವುದೂ ಉಂಟು. 1987ರ ಸೆಣಬು ಕಾನೂನಿನ ಪ್ರಕಾರ ಆಹಾರಧಾನ್ಯವನ್ನು ಗೋಣಿಚೀಲದಲ್ಲೇ ತುಂಬಬೇಕು. ಬಂಗಾಳದ ಸೆಣಬು ಬೆಳೆಗಾರನಿಗೆ ಅದು ಅನ್ನ. ಆದರೆ ಒಂದು ವರ್ಷ ನಮ್ಮ ಕಡೆಯ ಒಂದು ಖರೀದಿ ಕೇಂದ್ರದಲ್ಲಿ ಚೀಲ ಬರಲಿಲ್ಲವೆಂದು ರಾಗಿ ತಂದವರು ಮೂರು ದಿನ ಗಾಡಿಯ ಕೆಳಗೆ ಮಲಗಿದ್ದನ್ನು ನಾನು ಕಂಡಿದ್ದೇನೆ. ಕಡ್ಡಾಯ ಮಾಡಿದವರು ಸಕಾಲಕ್ಕೆ ಒದಗಿಸುವ ಹೊಣೆಯನ್ನೂ ಹೊರಬೇಕು.

ಪರಿಷೆಯ ನ್ಯಾಯ

ಹಾಗಾದರೆ ನನ್ನ ಅಭಿಪ್ರಾಯವೇನು? ಬಸವನಗುಡಿಯ ಕಡಲೆಕಾಯಿ ಪರಿಷೆಗೆ ನಿಮ್ಮಲ್ಲಿ ಅನೇಕರು ಹೋಗಿರಬಹುದು. ಕಾರ್ತಿಕದ ಕೊನೆಯ ಸೋಮವಾರ, ದೊಡ್ಡ ಬಸವಣ್ಣನ ಮುಂದೆ ರಸ್ತೆಯುದ್ದಕ್ಕೂ ಕಾಯಿಯ ರಾಶಿ. ಬೆಂಗಳೂರಿನವರು ನಮ್ಮ ರೈತರ ಕಾಯಿ ಕೊಳ್ಳಬೇಕೆಂಬ ಅಭಿಮಾನದಿಂದಲೇ ಬರುತ್ತಾರೆ. ಆದರೂ ರಾಶಿಯಿಂದ ಒಂದು ಕಾಯಿ ತೆಗೆದು, ಸುಲಿದು, ಬಾಯಿಗೆ ಹಾಕಿ ನೋಡದೆ ಸೇರು ಅಳೆಸುವುದಿಲ್ಲ. ಜೊಳ್ಳಾದರೆ ಅಭಿಮಾನ ಅಲ್ಲಿಗೆ ಮುಗಿಯಿತು, ಮುಂದಿನ ರಾಶಿಗೆ ಹೋಗುತ್ತಾರೆ. ಸರಕಾರದ ಖರೀದಿಯೂ ಹೀಗೆಯೇ ಇರಬೇಕು. ನಮ್ಮವರ ಅಂಗಡಿಗೇ ಮೊದಲು ಹೋಗಲಿ. ಆದರೆ ಸುಲಿದು ನೋಡದೆ ಕೊಳ್ಳಬಾರದು.

ಇದಕ್ಕಾಗಿ ನಾಲ್ಕು ಕೆಲಸ ಆಗಬೇಕು.

ಒಂದು, ಕಡ್ಡಾಯದ ಆಸರೆಗೆ ಅವಧಿ ಇರಬೇಕು. ಇಂತಿಷ್ಟು ವರ್ಷದಲ್ಲಿ ಬೆಲೆಯ ಅಂತರ ಇಷ್ಟಕ್ಕೆ ಇಳಿಯಬೇಕೆಂದು ಮೊದಲೇ ಹೇಳಿ, ವರ್ಷಕ್ಕೊಮ್ಮೆ ಲೆಕ್ಕ ಪ್ರಕಟಿಸಬೇಕು.

ಎರಡು, ರೈತನಿಗೆ ಕೊಟ್ಟ ಮಾಲಿನಿಂದಲೇ ಮಾದರಿ ಎತ್ತಿ ಪರೀಕ್ಷಿಸಬೇಕು. ಕಾರ್ಖಾನೆಯವನು ಆರಿಸಿ ಕೊಟ್ಟ ಮಾದರಿಯನ್ನಲ್ಲ. ಬೆಂಗಳೂರಿನಲ್ಲಿಯೇ, ಮಲ್ಲೇಶ್ವರದ ನೆರೆಯಲ್ಲಿ, 1960ರಲ್ಲಿ ಸ್ಥಾಪನೆಯಾದ ಕೇಂದ್ರೀಯ ವಿದ್ಯುತ್ ಸಂಶೋಧನಾ ಸಂಸ್ಥೆ ಇದೆ. ಪರೀಕ್ಷೆಗೆ ದೂರ ಹೋಗಬೇಕಾಗಿಲ್ಲ.

ಮೂರು, ಆದ್ಯತೆ ಪಡೆದವನು ಆಯಾ ತಾಲ್ಲೂಕಿನಲ್ಲಿ ಬಿಡಿಭಾಗವನ್ನೂ ಒಬ್ಬ ಮೆಕಾನಿಕ್ಕನ್ನೂ ಇಟ್ಟಿರಬೇಕು. ಇಲ್ಲದಿದ್ದರೆ ದೇಶೀಯನಾಗಿದ್ದು ರೈತನಿಗೆ ಬಂದ ಲಾಭವೇನು?

ನಾಲ್ಕು, ಸಣ್ಣ ಕಾರ್ಖಾನೆಯವನಿಗೆ ಹಣ ಸಕಾಲಕ್ಕೆ ಸಲ್ಲಬೇಕು. 2006ರ ಕಾಯಿದೆ 45 ದಿನದ ಮಿತಿ ಹಾಕಿದೆ. ಹಣ ತಿಂಗಳುಗಟ್ಟಲೆ ನಿಂತರೆ ಅವನು ಬಡ್ಡಿಯನ್ನು ತಾಮ್ರದ ತಂತಿಯಲ್ಲಿ ಕಳೆಯುತ್ತಾನೆ. ಆ ನಷ್ಟ ಕೊನೆಗೆ ನಿಮ್ಮ ಮೋಟಾರು ಸುಟ್ಟಾಗ ಗೊತ್ತಾಗುತ್ತದೆ.

ನೀವು ಮಾಡಬೇಕಾದದ್ದು

ಸರಕಾರ ಮಾಡುವವರೆಗೆ ನಾವು ಸುಮ್ಮನೆ ಕೂರಬೇಕಾಗಿಲ್ಲ. ಸಹಾಯಧನದ ಸೋಲಾರ್ ಪಂಪ್‌ಸೆಟ್ಟು ನಿಮ್ಮ ಹೊಲಕ್ಕೆ ಬಂದಾಗ ಈ ಕೆಲವು ಮಾತು ನೆನಪಿಡಿರಿ.

ಫಲಕದ ಹಿಂಬದಿಯ ಚೀಟಿಯಲ್ಲಿ ತಯಾರಕರ ಹೆಸರು, ದೇಶ, ಕ್ರಮಾಂಕ ಇರುತ್ತದೆ. ಪ್ರತಿ ಫಲಕದ ಕ್ರಮಾಂಕವನ್ನೂ ಒಂದು ಪುಸ್ತಕದಲ್ಲಿ ಬರೆದು, ಮೊಬೈಲಿನಲ್ಲಿ ಫೋಟೋ ತೆಗೆದಿಡಿರಿ. ಮೋಟಾರು, ಕಂಟ್ರೋಲರುಗಳದನ್ನೂ ಬಿಡಬೇಡಿರಿ. ಬಿಸಿಲಿನಲ್ಲಿ ಪಂಪು ಓಡಿಸಿ ಹೇಳಿದಷ್ಟು ನೀರು ಬರುವುದನ್ನು ಕಣ್ಣಾರೆ ಕಾಣುವವರೆಗೆ ಪೂರ್ಣಗೊಂಡ ಕಾಗದಕ್ಕೆ ರುಜು ಹಾಕಬೇಡಿರಿ. ಯೋಜನೆಯ ಷರತ್ತಿನಂತೆ ಐದು ವರ್ಷದ ನಿರ್ವಹಣೆ ಸರಬರಾಜುದಾರನ ಹೊಣೆ. ಅದರ ಪತ್ರ, ದೂರು ಕೊಡಬೇಕಾದ ವಿಳಾಸ, ನೀವು ಕಟ್ಟಿದ ವಂತಿಗೆಯ ರಸೀತಿ ಮೂರನ್ನೂ ಪಹಣಿಯ ಜೊತೆಗೇ ಇಡಿರಿ. ಕೆಟ್ಟರೆ ಬಾಯಿಮಾತಿನ ದೂರು ಸಾಲದು. ಬರೆದು ಕೊಟ್ಟು, ಪ್ರತಿಯ ಮೇಲೆ ಮೊಹರು ಹಾಕಿಸಿಕೊಳ್ಳಿರಿ. ಒಂದೇ ಕಂಪನಿಯ ಮಾಲು ಊರಿನ ನಾಲ್ಕೈದು ಹೊಲದಲ್ಲಿ ಕೆಟ್ಟಿದ್ದರೆ ಎಲ್ಲರೂ ಕೂಡಿ ಒಂದೇ ಅರ್ಜಿ ಕೊಡಿರಿ. ಮುಂದಿನ ಟೆಂಡರಿನಲ್ಲಿ ಅವನನ್ನು ದೂರವಿಡಲು ಕಛೇರಿಯವರಿಗೆ ಬೇಕಾದ ಆಧಾರ ಅದೇ.

ಆ ಹಿರಿಯರಿಗೆ ನಾನು ಕೊಡಬೇಕಾಗಿದ್ದ ಉತ್ತರ ಇದು: ಯಜಮಾನರೆ, ನಿಮ್ಮ ಎರಡು ಸಾವಿರ ನಮ್ಮ ಕಾರ್ಖಾನೆಗೆ ನೀವು ಕೊಟ್ಟ ದಾನವಲ್ಲ, ಸಾಲ. ಗಟ್ಟಿ ಮಾಲು, ಬೇಗ ದುರಸ್ತಿ, ವರ್ಷವರ್ಷ ಇಳಿಯುವ ಬೆಲೆ, ಈ ಮೂರರ ರೂಪದಲ್ಲಿ ಅದು ತಿರುಗಿ ಬರಬೇಕು. ಬರುತ್ತಿದೆಯೇ ಎಂದು ಕೇಳುವ ಹಕ್ಕು ನಿಮಗಿದೆ. ಸಾಲ ಕೊಟ್ಟವನು ಕೇಳದೆ ಕೂತರೆ ಸಾಲಗಾರ ಮರೆಯುತ್ತಾನೆ. ಮುಂದಿನ ತಿಂಗಳು ಅದೇ ಜಗಲಿಗೆ ಬರುತ್ತೇನೆ; ಫಲಕದ ಕ್ರಮಾಂಕ ಬರೆದ ಪುಸ್ತಕ ತಂದಿರಿ, ಕೂತು ನೋಡೋಣ.